ತಮ್ಮನಿಗೆ ಗೊತ್ತಿಲ್ಲದ ಹಾಗೆ ಕುಡಿತ ಬಿಡಿಸೋ ಸೆಂಟರ್‌ಗೆ ಸೇರಿಸಬಹುದಾ? ಭಾನುವಾರ ಗಾಡಿ ಬರುತ್ತೆ, ದಯವಿಟ್ಟು ಬೇಗ ಹೇಳಿ

ಕಲ್ಪತರು_ಅಕ್ಕ
ಎಲ್ಲರಿಗೂ ನಮಸ್ಕಾರ. ತಿಪಟೂರು ಹತ್ರದ ಹಳ್ಳಿ ನಮ್ದು. ತಮ್ಮನಿಗೆ 27 ವರ್ಷ. ಬೆಂಗಳೂರಲ್ಲಿ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡ್ತಿದ್ದ. ಎಣ್ಣೆ ಅಲ್ಲೇ ಶುರುವಾಗಿದ್ದು, ಆಮೇಲೆ ಯಾವುದೋ ನೋವಿನ ಮಾತ್ರೆ ಸೇರ್ಕೊಂಡಿತು. ಹೋದ ವರ್ಷ ಕೆಲಸ ಬಿಟ್ಟು ಊರಿಗೆ ಬಂದ. ಈಗ ಬೆಳಿಗ್ಗೆ ಒಳಗೆ ಒಂದಿಷ್ಟು ಹೋಗ್ಲಿಲ್ಲ ಅಂದ್ರೆ ಕಾಫಿ ಲೋಟ ಹಿಡಿಯೋಕಾಗಲ್ಲ, ಅಷ್ಟು ನಡುಕ. ಅಮ್ಮ ಅದಕ್ಕೇ ಅರ್ಧ ಲೋಟ ಮಾತ್ರ ಹಾಕಿ ಕೊಡ್ತಾಳೆ. ಹೋದ ತಿಂಗಳು ಅಟ್ಟದ ಮೇಲಿದ್ದ ಕೊಬ್ಬರಿ ಎರಡು ಚೀಲ ಮಾಯ.

ಮಾವ ಒಂದು ಸೆಂಟರ್ ವಿಚಾರಿಸಿದ್ದಾರೆ. ತಿಂಗಳಿಗೆ 15 ಸಾವಿರ, ಮೂರು ತಿಂಗಳು ಕಡ್ಡಾಯ. "ನೀವೇನೂ ಮಾಡೋದು ಬೇಡ, ಒಂದು ಫೋನ್ ಮಾಡಿ ಸಾಕು. ರಾತ್ರಿ ನಾಲ್ಕು ಜನ ಗಾಡಿ ತಗೊಂಡು ಬರ್ತೀವಿ, ಮಲಗಿದ್ದಾಗಲೇ ಕರ್ಕೊಂಡು ಹೋಗ್ತೀವಿ" ಅಂದ್ರಂತೆ. 10 ಸಾವಿರ ಅಡ್ವಾನ್ಸ್ ಕೊಟ್ಟಾಗಿದೆ. ಭಾನುವಾರ ರಾತ್ರಿ ಬರ್ತಾರೆ. ಅಪ್ಪ ಹೂಂ ಅಂದ್ರು, ಅಮ್ಮ ಏನೂ ಮಾತಾಡ್ತಿಲ್ಲ.

ಹೀಗೆ ಎತ್ತಾಕ್ಕೊಂಡು ಹೋದ್ರೆ ಬಿಡ್ತಾನಾ? ಅಥವಾ ಅವನೇ ಬರ್ತೀನಿ ಅನ್ನೋ ತನಕ ಕಾಯ್ಬೇಕಾ? ಕಾಯೋಕೆ ಟೈಮ್ ಇದೆ ಅಂತ ನನಗೆ ಅನಿಸ್ತಿಲ್ಲ. ಅನುಭವ ಇರೋರು ಹೇಳಿ.

ಹನ್ನೊಂದನೇ_ವರ್ಷ
ಕಳಿಸಿ ಅಕ್ಕ. ನನ್ನನ್ನೂ ಹೀಗೇ ಹೊತ್ಕೊಂಡು ಹೋಗಿದ್ದು, 2014ರಲ್ಲಿ, ಹಾಸನದಿಂದ. ಲುಂಗಿಯಲ್ಲೇ ಇದ್ದೆ, ಚಪ್ಪಲಿ ಕೂಡ ಹಾಕ್ಕೊಳ್ಳೋಕೆ ಬಿಡಲಿಲ್ಲ. ದಾರಿಯುದ್ದಕ್ಕೂ ಅಣ್ಣನಿಗೆ ಬಾಯಿಗೆ ಬಂದ ಹಾಗೆ ಬೈದೆ. ಇವತ್ತು ಹನ್ನೊಂದು ವರ್ಷ, ಒಂದು ಹನಿ ಮುಟ್ಟಿಲ್ಲ. ಅವತ್ತು ನನ್ನ ಒಪ್ಪಿಗೆ ಕೇಳ್ತಾ ಕೂತಿದ್ರೆ ನನ್ನ ಫೋಟೋಗೆ ಹಾರ ಬಿದ್ದಿರೋದು.

ಬಾಗಿಲ_ಆಚೆ
ದಯವಿಟ್ಟು ಬೇಡ. ನಾನೂ ಹಾಗೇ ಹೋದವನು.

2019. ದೊಡ್ಡ ಊರೊಂದರ ಹೊರಗೆ, ಶೀಟ್ ಹೊದಿಸಿದ ಒಂದೇ ಹಾಲ್. ನಲವತ್ತು ಜನ, ಎರಡು ಬಾತ್‌ರೂಮು. ಮೊದಲನೇ ದಿನವೇ ತಲೆ ಬೋಳಿಸಿದ್ರು. ಡಾಕ್ಟರ್ ಅಂತ ಒಬ್ಬರನ್ನ ನೋಡಿದ್ದು ಹದಿನೈದನೇ ದಿನ. ಅಲ್ಲಿ ನಮ್ಮನ್ನ ನೋಡ್ಕೊಳ್ಳೋರು ಅಂದ್ರೆ ನಮಗಿಂತ ನಾಲ್ಕು ತಿಂಗಳು ಮುಂಚೆ ಬಂದ ಪೇಷೆಂಟುಗಳೇ, ಕೈಯಲ್ಲಿ ಪೈಪು. ಪಕ್ಕದ ಚಾಪೆಯವನಿಗೆ ಎರಡನೇ ರಾತ್ರಿ ಫಿಟ್ಸ್ ಬಂತು. ಬಾಯಿಗೆ ಬಟ್ಟೆ ತುರುಕಿ ಕೈಗೆ ಬೀಗದ ಕೈ ಕೊಟ್ರು, ಅಷ್ಟೇ ಟ್ರೀಟ್ಮೆಂಟು. ಭಾನುವಾರ ಮನೆಗೆ ಫೋನ್ ಮಾಡಿಸೋವಾಗ ಪಕ್ಕದಲ್ಲೇ ನಿಂತಿರ್ತಿದ್ರು, "ಚೆನ್ನಾಗಿದ್ದೀನಿ" ಅನ್ನಲೇಬೇಕು.

90 ದಿನ ಮುಗಿಸಿ ಬಸ್ ಸ್ಟ್ಯಾಂಡಲ್ಲಿ ಇಳಿದವನು ಮೊದಲು ಹೋಗಿದ್ದು ಎದುರಿನ ವೈನ್ ಶಾಪ್‌ಗೆ. ಸಿಟ್ಟಿಗೆ ಕುಡಿದೆ. ಅಪ್ಪನ ಹತ್ರ ಮೂರು ವರ್ಷ ಮಾತು ಬಿಟ್ಟೆ. ಆ ಮೂರು ವರ್ಷದಲ್ಲಿ ಯಾರು ಆಸ್ಪತ್ರೆ ಅಂದ್ರೂ ಆ ಹಾಲ್ ವಾಸನೆ ಮೂಗಿಗೆ ಬರೋದು. ಬಿಡಬೇಕು ಅಂತ ಮನಸ್ಸಿದ್ದಾಗಲೂ ಹೋಗಲಿಲ್ಲ.

ಧಾರವಾಡದಾಂವ
ಅಕ್ಕಾರ, ಫಿಟ್ಸ್ ಮಾತು ಬಂತಲ್ಲ, ಅದಕ್ಕ ಹೇಳ್ತೀನಿ. ನಮ್ಮ ದೊಡ್ಡಪ್ಪನ ಮಗ ಗಾಡಿಯಿಂದ ಬಿದ್ದು ಕಾಲು ಮುರಕೊಂಡು ಎಲುಬಿನ ವಾರ್ಡಿಗೆ ಬಂದಾಂವ. ಕುಡಿತದ ಸುದ್ದಿ ಯಾರೂ ಡಾಕ್ಟರಿಗೆ ಹೇಳಲಿಲ್ಲ, ಮರ್ಯಾದಿ ಪ್ರಶ್ನೆ ನೋಡ್ರಿ. ಮೂರನೇ ದಿನ ಹಾಸಿಗಿ ತುಂಬ ಇರಿವಿ ಹರಿದಾಡಾಕ ಹತ್ಯಾವ ಅಂತ ಚೀರಾಡಿ, ಸಲಾಯಿನ್ ಕಿತ್ತು, ಮುರುದ ಕಾಲಿನ ಮ್ಯಾಲ ಎದ್ದು ನಿಂತಾನ! ಮೈಯಾಗ ದೆವ್ವ ಹೊಕ್ಕಾವ ಅಂತ ದೊಡ್ಡವ್ವ ನಿಂಬಿಹಣ್ಣು ತರಾಕ ಹೋದಳು. ನರ್ಸ್ ಒಬ್ಬಾಕಿ "ದಿನಾ ಎಷ್ಟು ಕುಡೀತಿದ್ದ?" ಅಂತ ಕೇಳಿದಳು ನೋಡ್ರಿ, ಅವಾಗ ಖರೇ ಹೊರಗ ಬಂತು. ಅಲ್ಲಿಂದ ಡಿಮ್ಹಾನ್ಸ್‌ಗೆ, ಅಂದ್ರ ಧಾರವಾಡದ ಮಾನಸಿಕ ಆಸ್ಪತ್ರಿಗೆ ಒಯ್ದ್ವಿ. ಅವನ ಚಿಕಿತ್ಸಾ ಶುರುವಾಗಿದ್ದು ಹಂಗ. ಒಪ್ಪಿಗೀನೂ ಇಲ್ಲ, ಒತ್ತಾಯಾನೂ ಇಲ್ಲ, ಕಾಲು ಮುರದಿತ್ತು ಅಷ್ಟ. ಈಗ ಆರಾಮ ಅದಾನ.

ನೈಟ್‌ಡ್ಯೂಟಿ_ಸಿಸ್ಟರ್
@ಧಾರವಾಡದಾಂವ ನೀವು ಹೇಳಿದ ಇರುವೆ ಕಥೆಯನ್ನ ನಾನು ಮೆಡಿಕಲ್ ವಾರ್ಡಲ್ಲಿ ಎಷ್ಟು ಸಲ ನೋಡಿದ್ದೀನೋ. ಗೋಡೆ ಮೇಲೆ ಹಾವು, ಫ್ಯಾನಿನಿಂದ ಯಾರೋ ಕರೀತಾರೆ, ಇಲ್ಲದ ಬೀಡಿಗೆ ಕಡ್ಡಿ ಗೀರೋದು. ಮನೆಯವರು ದಯವಿಟ್ಟು ಮುಚ್ಚಿಡಬೇಡಿ. "ಸಿಸ್ಟರ್, ಇವರು ದಿನಾ ಕುಡೀತಾರೆ" ಅಂತ ಅಡ್ಮಿಷನ್ ದಿನವೇ ಕಿವಿಯಲ್ಲಿ ಹೇಳಿದ್ರೂ ಸಾಕು, ನಾವು ನೋಡ್ಕೋತೀವಿ.

ಅಕ್ಕ, ನಿಮ್ಮ ತಮ್ಮನ ಕೈ ನಡುಗುತ್ತೆ ಅಂದ್ರಲ್ಲ, ಆ ಒಂದು ಮಾತಿಗೆ ನನಗೆ ಭಯ ಆಯ್ತು. ಅಂಥವರನ್ನ ಡಾಕ್ಟರ್ ಇಲ್ಲದ ಜಾಗದಲ್ಲಿ ದಿಢೀರ್ ಅಂತ ನಿಲ್ಲಿಸಿಬಿಟ್ರೆ ಜೀವಕ್ಕೇ ಅಪಾಯ. ಆ ಸೆಂಟರ್‌ಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ರಾತ್ರಿ ಎರಡು ಗಂಟೆಗೆ ಫಿಟ್ಸ್ ಬಂದ್ರೆ ಯಾರಿರ್ತಾರೆ?

ಇಬ್ಬರು_ಮಕ್ಕಳ_ತಾಯಿ
ಎಲ್ಲಾ ಸರಿ. ಆದ್ರೆ "ಅವರಾಗೇ ಮನಸ್ಸು ಮಾಡಲಿ" ಅನ್ನೋರು ಒಂದು ರಾತ್ರಿ ನಮ್ಮನೆಯಲ್ಲಿ ಇದ್ದು ನೋಡ್ಬೇಕಿತ್ತು. ನನ್ನ ಚಿಕ್ಕ ಮಗಳು ಗೇಟ್ ಸದ್ದಾದ ಕೂಡಲೇ ಪುಸ್ತಕ ಎತ್ಕೊಂಡು ಪಕ್ಕದ ಮನೆಗೆ ಓಡೋದನ್ನ ರೂಢಿ ಮಾಡ್ಕೊಂಡಿದ್ಲು. ಆಗ ಎರಡನೇ ಕ್ಲಾಸು. ಕುಡಿಯೋನಿಗೆ ಮನಸ್ಸು ಬರೋ ತನಕ ಅವಳು ಎಷ್ಟು ಸಲ ಓಡ್ಬೇಕು ಹೇಳಿ?

ನಾನು ಕಾಯಲಿಲ್ಲ. ಆದರೆ ಗೂಂಡಾಗಳನ್ನೂ ಕರೆಸಲಿಲ್ಲ. ಹಗಲಲ್ಲಿ, ನನ್ನ ಅಣ್ಣ ಮತ್ತು ಅವರ ಗೆಳೆಯರ ಜೊತೆ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಎಲ್ಲಿಗೆ ಹೋಗ್ತಿದ್ದೀವಿ ಅಂತ ಕಾರಲ್ಲೇ ಹೇಳಿದ್ವಿ, ಸುಳ್ಳು ಹೇಳಲಿಲ್ಲ. ಅವರು ಒಪ್ಪಲಿಲ್ಲ. ಇಬ್ಬರು ಡಾಕ್ಟರು ಬೇರೆ ಬೇರೆ ಮಾತಾಡಿಸಿ ನೋಡಿ, ಮನೆಯಲ್ಲಿ ಹೊಡೆದಿದ್ದಕ್ಕೆಲ್ಲ ನನ್ನ ಹೇಳಿಕೆ ಬರ್ಕೊಂಡು, ಕಾನೂನು ಪ್ರಕಾರವೇ ಸೇರಿಸ್ಕೊಂಡ್ರು. 19 ದಿನ ಇದ್ರು. ಎರಡು ತಿಂಗಳಿಗೆ ಮತ್ತೆ ಶುರು ಮಾಡಿದ್ರು, ನಿಜ. ಎರಡನೇ ಸಲ ಸೇರಿದಾಗ ಬ್ಯಾಗ್ ತುಂಬ್ಕೊಂಡಿದ್ದು ಅವರೇ. ಟವೆಲ್ ಎರಡು ಇಟ್ಕೊಂಡ್ರು, "ಹೋದ ಸಲ ಒಂದೇ ಇತ್ತು, ಒಣಗ್ತಿರಲಿಲ್ಲ" ಅಂದ್ರು. ಆ ಮಾತು ಕೇಳಿ ನಾನು ಅಡುಗೆಮನೆಗೆ ಹೋಗಿ ಅತ್ತೆ.

ವಕೀಲ್ರು_ಶಿವಮೊಗ್ಗ
ಮೇಲಿನ ತಾಯಿ ಹೇಳಿದ್ದೇ ಸರಿಯಾದ ದಾರಿ. ಕಾನೂನು ಸ್ವಲ್ಪ ಬಿಡಿಸಿ ಹೇಳ್ತೀನಿ, ಏಕೆಂದರೆ ರಾತ್ರಿ ಗಾಡಿ ತರೋರು ಇದನ್ನ ಹೇಳಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುಗಳಿಂದ ಬರೋ ಮಾನಸಿಕ ಸ್ಥಿತಿಗಳೂ ಸೇರಿವೆ. ಹಾಗಾಗಿ ರೋಗಿಯನ್ನ ಇಟ್ಕೊಂಡು ಚಿಕಿತ್ಸೆ ಕೊಡೋ ಸೆಂಟರ್ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು. ತಾನೇ ಬಂದು ಸೇರಿದವನಿಗೆ 86ನೇ ಕಲಂ. ಅವನು ಹೋಗ್ತೀನಿ ಅಂದ್ರೆ ಬಿಡಬೇಕು, ತುಂಬಾ ಅನುಮಾನ ಇದ್ದರೆ ಪರೀಕ್ಷೆಗೆ ಅಂತ 24 ಗಂಟೆ ತಡೆಯಬಹುದು. ಒಪ್ಪದವನಿಗೆ 89ನೇ ಕಲಂ. ಅದಕ್ಕೆ ಅವನ ನಾಮನಿರ್ದೇಶಿತ ಪ್ರತಿನಿಧಿ, ಅಂದ್ರೆ ಅವನ ಪರವಾಗಿ ಮಾತಾಡೋ ಹಕ್ಕಿರೋರು, ಅರ್ಜಿ ಕೊಡಬೇಕು. ಇಬ್ಬರು ಸ್ವತಂತ್ರವಾಗಿ ಪರೀಕ್ಷೆ ಮಾಡಬೇಕು, ಒಬ್ಬರು ಮನೋವೈದ್ಯರೇ ಆಗಿರಬೇಕು. ತನಗೆ ಹಾನಿ ಮಾಡ್ಕೊಳ್ಳೋದು, ಇನ್ನೊಬ್ಬರ ಮೇಲೆ ಹಿಂಸೆ, ಅಥವಾ ತನ್ನನ್ನ ತಾನು ನೋಡ್ಕೊಳ್ಳೋಕಾಗದ ಸ್ಥಿತಿ, ಇವುಗಳಲ್ಲಿ ಒಂದಾದರೂ ಕಾಣಬೇಕು. ಇದರಡಿ ಗರಿಷ್ಠ 30 ದಿನ. 7 ದಿನದೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು, ಹೆಂಗಸರು ಮತ್ತು ಅಪ್ರಾಪ್ತರಾದರೆ 3 ದಿನ. ರೋಗಿ ಅದೇ ಮಂಡಳಿಗೆ ದೂರು ಕೊಡಬಹುದು.

"ಮೂರು ತಿಂಗಳು ಕಡ್ಡಾಯ" ಅನ್ನೋದು ಈ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಸರಪಳಿ ಹಾಕೋದು ನಿಷೇಧ. ತಲೆ ಬೋಳಿಸೋದಕ್ಕೂ ಒತ್ತಾಯ ಮಾಡೋ ಹಾಗಿಲ್ಲ, ಅದನ್ನೂ 20ನೇ ಕಲಂನಲ್ಲಿ ಬರೆದೇ ಇಟ್ಟಿದ್ದಾರೆ. @ಬಾಗಿಲ_ಆಚೆ, ನಿಮಗೆ ಮಾಡಿದ್ದು ಚಿಕಿತ್ಸೆ ಅಲ್ಲ, ಅಪರಾಧ.

ಬಾಗಿಲ_ಆಚೆ
ಸರ್, ಈ ಮಾತನ್ನ ಇಷ್ಟು ವರ್ಷದಲ್ಲಿ ಯಾರೂ ಹೇಳಿರಲಿಲ್ಲ.

ಮಂಡ್ಯ_ಗೌಡ
ಇಷ್ಟೆಲ್ಲಾ ಯಾಕೆ? ಊಟಕ್ಕೆ ಬೆರೆಸಿ ಕೊಡೋ ಪುಡಿ, ಮಾತ್ರೆ ಸಿಗ್ತವೆ. ಸಾರಿಗೆ ಹಾಕಿದ್ರೆ ಗೊತ್ತೂ ಆಗಲ್ಲ. ನಮ್ಮ ಪಕ್ಕದ ಮನೆಯವರು ಹಾಗೇ ಬಿಡಿಸಿದ್ರು. ಎರಡು ದಿನ ವಾಂತಿ ಮಾಡ್ದ, ಹೆದರಿ ಬಿಟ್ಟ.

ಓಪಿಡಿ_ಡಾಕ್ಟ್ರು
ಗೌಡ್ರೇ, ದಯವಿಟ್ಟು ಈ ಸಲಹೆ ಯಾರಿಗೂ ಕೊಡಬೇಡಿ. ಬೆರೆಸೋದು ಹೆಚ್ಚಿನ ಸಲ ಡೈಸಲ್ಫಿರಾಮ್. ಅದು ಒಳ್ಳೆ ಔಷಧವೇ, ಗೊತ್ತಿದ್ದು ತಾನೇ ಒಪ್ಪಿ ತಗೊಂಡವನಿಗೆ. ಗೊತ್ತಿಲ್ಲದೆ ತಗೊಂಡು ಮೇಲೆ ಎಣ್ಣೆ ಹಾಕಿದ್ರೆ ಮುಖ ಕೆಂಪಾಗಿ, ಎದೆ ಹೊಡ್ಕೊಂಡು, ಬಿಪಿ ಕುಸಿಯುತ್ತೆ. ಹೃದಯ ಸರಿಯಿಲ್ಲದವನಾದರೆ ಪ್ರಾಣ ಹೋಗಬಹುದು. ಪಕ್ಕದ ಮನೆಯವನು ಬದುಕಿದ್ದು ಅವನ ಪುಣ್ಯ. ಇನ್ನೊಂದು, ಹೀಗೆ ಸಿಕ್ಕಿಬಿದ್ದ ಮೇಲೆ ಅವನು ಹೆಂಡತಿ ಬಡಿಸಿದ ಅನ್ನವನ್ನೂ ನಂಬಲ್ಲ. ಒಪಿಡಿಯಲ್ಲಿ ಒಬ್ಬರು ಹೇಳಿದ್ರು, "ಡಾಕ್ಟ್ರೇ, ನಾನು ಈಗಲೂ ಮನೆಯಲ್ಲಿ ಮೊಸರನ್ನ ಬಿಟ್ಟು ಏನೂ ತಿನ್ನಲ್ಲ, ಮೊಸರು ಬೆಳ್ಳಗಿರುತ್ತೆ, ಏನಾದರೂ ಹಾಕಿದ್ರೆ ಕಾಣುತ್ತೆ" ಅಂತ. ಅವರು ಕುಡಿತ ಬಿಟ್ಟು ನಾಲ್ಕು ವರ್ಷ ಆಗಿತ್ತು ಆಗ.

ಕಲ್ಪತರು ಅಕ್ಕ, ನಿಮ್ಮ ಪ್ರಶ್ನೆಗೆ ರಾತ್ರಿ ಕೂತು ಬರೀತೀನಿ.

ದೇವದುರ್ಗ_ಅಕ್ಕ
ಹೆಂಗ ಸೇರಸಬೇಕು, ಹೆಂಗ ಬಿಡಸಬೇಕು ಅಂತ ಎಲ್ಲಾರೂ ಮಾತಾಡ್ತೀರಿ. ಊರಿಗೆ ಮೂರು ಕಡೆ ಕಿರಾಣಿ ಅಂಗಡ್ಯಾಗ ಸೆರೆ ಸಿಗತೈತಲ್ರಿ, ಅದನ್ಯಾರು ಕೇಳೋರು? 2007ರಾಗ ಸಾರಾಯಿ ಬಂದ್ ಮಾಡಿದ್ರು. ಪಾಕೀಟು ಹೋಗಿ ಬಾಟಲಿ ಬಂತು. 2019ರ ಜನವರಿಯಾಗ ಚಿತ್ರದುರ್ಗದಿಂದ ಬೆಂಗಳೂರು ತನಕ ಹೆಣ್ಮಕ್ಕಳು ನಡಕೊಂತ ಹೋದ್ವಿ. ಕಾಲಾಗ ಬೊಬ್ಬಿ ಬಂದು ಒಡದು ರಕ್ತ ಬಂತು. ಆಸ್ಪತ್ರಿಯಿಂದ ಬಂದಾಂವ ಮನಿಗೆ ಹೋಗೋ ದಾರ್‍ಯಾಗ ಮೂರು ಅಂಗಡಿ ದಾಟಬೇಕು, ಎಲ್ಲಿ ಉಳೀತಾನ?

ಮಂಡ್ಯ_ಗೌಡ
ಅಂಗಡಿ ಮುಚ್ಚಿದ್ರೆ ಕಳ್ಳಭಟ್ಟಿ ಕುಡೀತಾರಕ್ಕ. ಗುಜರಾತಲ್ಲಿ ನಿಷೇಧ ಇದ್ದೂ ಏನಾಯ್ತು?

ದೇವದುರ್ಗ_ಅಕ್ಕ
ಕುಡಿಯಾಂವ ಎಲ್ಲಿಂದರ ತರ್ತಾನ, ಖರೆ. ಆದ್ರ ಬಿಡಬೇಕನ್ನಾಂವಗ ದಾರಿ ಸುಗಮ ಆಕ್ಕೈತಿ. ನಾ ಕೇಳೋದು ಅವನ ಸಲುವಾಗಿ.

ನಿರ್ವಾಹಕ
ಪಾನನಿಷೇಧದ ಚರ್ಚೆಗೆ ಬೇರೆ ಎಳೆ ತೆರೆಯೋಣ. ಇಲ್ಲಿ ಒಬ್ಬ ಅಕ್ಕ ಭಾನುವಾರದೊಳಗೆ ತೀರ್ಮಾನ ಮಾಡಬೇಕಿದೆ.

ಕರಾವಳಿ_ಮಗ
ನಾನು ಬೆಳ್ತಂಗಡಿ ಕಡೆಯವ. ನಮ್ಮಲ್ಲಿ ಧರ್ಮಸ್ಥಳದ ಯೋಜನೆಯವರ ಮದ್ಯವರ್ಜನ ಶಿಬಿರ ಅಂತ ಆಗ್ತದೆ, ಎಂಟು ದಿನದ್ದು. ನನ್ನ ಅಪ್ಪ ಬಿಟ್ಟದ್ದು ಅದರಲ್ಲಿಯೇ. ನಮ್ಮ ಊರಿನದ್ದು ಶಾಲೆಯ ಹಾಲಿನಲ್ಲಿ ಆಗಿತ್ತು. ಶಿಬಿರಕ್ಕೆ ಮೊದಲು ಊರಿನ ಜನ ಮನೆ ಮನೆಗೆ ಬಂದು ಮಾತಾಡಿದ್ರು. ಅಪ್ಪ ಎರಡು ಸಲ ಹಿಂದಿನ ಬಾಗಿಲಲ್ಲಿ ತೋಟಕ್ಕೆ ಹೋಗಿ ಕೂತ್ರು. ಮೂರನೇ ಸಲ ಬಂದದ್ದು ಅಪ್ಪನ ಜೊತೆಯೇ ಕುಡೀತಾ ಇದ್ದ ಒಬ್ಬರು, ಬಿಟ್ಟು ಒಂದು ವರ್ಷ ಆಗಿತ್ತು ಅವರಿಗೆ. "ಎಂಟು ದಿನ ಊಟ ಮಾಡಿ ಮಲಗು ಮಾರಾಯ, ಒಂಬತ್ತನೇ ದಿನ ಬೇಕಾದ್ರೆ ಕುಡಿ" ಅಂದ್ರು. ಅಪ್ಪ ಹೋದದ್ದು ಅವರ ಮುಖ ನೋಡಿ, ನಮ್ಮ ಮುಖ ನೋಡಿ ಅಲ್ಲ.

ಇದನ್ನು ಇಚ್ಛೆ ಅಂತ ಹೇಳುದಾ, ಒತ್ತಡ ಅಂತ ಹೇಳುದಾ ನನಗೆ ಗೊತ್ತಿಲ್ಲ. ಇಡೀ ಊರೇ ನೋಡ್ತಾ ಉಂಟು ಅನ್ನುವುದು ಕೂಡ ಒತ್ತಡವೇ ಅಲ್ವಾ? ಆದರೆ ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಅಂತ ಉಂಟು, ಬಿಟ್ಟವರೆಲ್ಲ ಸೇರುವುದು. ಅದು ಇಲ್ಲದಿದ್ರೆ ಎಂಟು ದಿನದ್ದು ಎಂಟೇ ದಿನಕ್ಕೆ ಹೋಗ್ತಿತ್ತು. ಅಪ್ಪನ ಜೊತೆ ಶಿಬಿರದಲ್ಲಿ ಇದ್ದವರಲ್ಲಿ ಸಮಿತಿಗೆ ಬಾರದವರು ಹೆಚ್ಚಿನವರು ವಾಪಸ್ ಕುಡೀಲಿಕ್ಕೆ ಶುರು ಮಾಡಿದ್ರು. ಇದು ನಾನು ಕಣ್ಣಾರೆ ಕಂಡದ್ದು.

ನೈಟ್‌ಡ್ಯೂಟಿ_ಸಿಸ್ಟರ್
ಶಿಬಿರಕ್ಕೂ ಕೈ ನಡುಗೋರು, ಮೊದಲು ಫಿಟ್ಸ್ ಬಂದಿರೋರು ಡಾಕ್ಟರಿಗೆ ತೋರಿಸಿಕೊಂಡೇ ಹೋಗಬೇಕು. ಇದೊಂದು ಸೇರಿಸಿ.

ಕಾಲೇಜ್_ಮೇಷ್ಟ್ರು
ಎಲ್ಲರೂ ಒಳಗೆ ಹೋದವರ ಬಗ್ಗೆಯೇ ಮಾತಾಡ್ತಿದ್ದೀವಿ. 2019ರಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ಸಮೀಕ್ಷೆ ಬಂತು, ಏಮ್ಸ್‌ನವರು ಮಾಡಿದ್ದು. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಮಿಕ್ಕವರಿಗೆ ಇಚ್ಛೆಯೂ ಇಲ್ಲ, ಒತ್ತಾಯವೂ ಇಲ್ಲ, ಬಾಗಿಲೇ ಇಲ್ಲ.

ಹುಡುಗರ ವಿಷಯ ಇನ್ನೂ ಬೇರೆ. ನನ್ನ ವಿದ್ಯಾರ್ಥಿಯೊಬ್ಬ ಗಾಂಜಾ ಜೊತೆ ಪೊಲೀಸರ ಕೈಗೆ ಸಿಕ್ಕ. ಅವನಿಗೆ ಡಾಕ್ಟರ್ ಮುಖ ಕಂಡಿದ್ದು ಕೇಸ್ ಆದಮೇಲೆ. ಅದಕ್ಕೂ ಒಂದು ವರ್ಷ ಮುಂಚೆ ಅವನು ನನ್ನ ಸ್ಟಾಫ್‌ರೂಮಿಗೆ ಬಂದು "ಸರ್, ನಿದ್ದೆ ಬರ್ತಿಲ್ಲ" ಅಂದಿದ್ದ. "ಮೊಬೈಲ್ ನೋಡೋದು ಕಡಿಮೆ ಮಾಡು" ಅಂತ ಹೇಳಿ ಕಳಿಸಿದ್ದೆ. ಅವತ್ತೇ ಕೂರಿಸಿ ಕೇಳಬೇಕಿತ್ತು. ಈಗ ಯಾವ ಹುಡುಗ ನಿದ್ದೆ ಅಂದ್ರೂ ಬಾಗಿಲು ಹಾಕಿ ಕೂರಿಸ್ಕೋತೀನಿ.

ವಕೀಲರೇ, ಕೇಸ್ ಆಗಿ ಚಿಕಿತ್ಸೆಗೆ ಬಂದವರಿಗೆ ಏನಾದರೂ ರಕ್ಷಣೆ ಇದೆಯಾ?

ವಕೀಲ್ರು_ಶಿವಮೊಗ್ಗ
ಇದೆ. 1985ರ ಎನ್‌ಡಿಪಿಎಸ್, ಅಂದ್ರೆ ಮಾದಕ ವಸ್ತು ಕಾಯ್ದೆಯ 64ಎ ಕಲಂ. ಸೇವನೆಯ ಆರೋಪ ಅಥವಾ ಅಲ್ಪ ಪ್ರಮಾಣದ ಆರೋಪ ಇರೋ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆ ತಗೊಂಡರೆ ಆ ಆರೋಪದಿಂದ ವಿನಾಯಿತಿ ಸಿಗುತ್ತೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ವಿನಾಯಿತಿ ವಾಪಸ್ ತಗೋಬಹುದು. ಶಿಕ್ಷೆಯಾದವನನ್ನೂ 39ನೇ ಕಲಂ ಪ್ರಕಾರ ನ್ಯಾಯಾಲಯ ಚಿಕಿತ್ಸೆಗೆ ಬಿಡಬಹುದು. ಕಕ್ಷಿದಾರರಿಗೆ ಇರಲಿ, ಎಷ್ಟೋ ಜನ ನಮ್ಮ ವಕೀಲರಿಗೇ ಇದು ನೆನಪಿರಲ್ಲ. ಜಾಮೀನು ಸಿಕ್ಕಿತು, ಫೀಸ್ ಬಂತು, ಮುಗೀತು. ಹುಡುಗ ಮೂರು ತಿಂಗಳಿಗೆ ಮತ್ತೆ ಅದೇ ಠಾಣೆಯಲ್ಲಿ ಕೂತಿರ್ತಾನೆ. ಬೇಜಾರಾಗುತ್ತೆ.

ಓಪಿಡಿ_ಡಾಕ್ಟ್ರು
ಅಕ್ಕ, ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೊದಲು ದೇಹದ ಮಾತು. ದಿನಾ ಕುಡಿಯೋರು ಏಕಾಏಕಿ ನಿಲ್ಲಿಸಿದ್ರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನದ ಹೊತ್ತಿಗೆ ಆ ಇರುವೆ, ಹಾವು ಕಾಣೋ ಸನ್ನಿ. ಇದಕ್ಕೆ ಔಷಧ ಇದೆ, ಜೊತೆಗೆ ಥಯಾಮಿನ್ ಅಂದ್ರೆ ಬಿ1 ವಿಟಮಿನ್ ಕೊಡಲೇಬೇಕು, ಇಲ್ಲಾಂದ್ರೆ ಮಿದುಳಿಗೆ ಪೆಟ್ಟು. ನೋವಿನ ಮಾತ್ರೆ ಅಂದ್ರಲ್ಲ, ಇತ್ತೀಚೆಗೆ ಹುಡುಗರ ಹತ್ರ ಹೆಚ್ಚು ಸಿಗ್ತಿರೋದು ಟ್ಯಾಪೆಂಟಾಡಾಲ್. ಅದು ಅಫೀಮಿನ ಹಾಗೇ ಕೆಲಸ ಮಾಡೋದು. ಅದೇ ಆಗಿದ್ರೆ ಇನ್ನೊಂದು ಎಚ್ಚರ: ಮೂರು ತಿಂಗಳು ಕೂಡಿಹಾಕಿ ಬಿಟ್ಟಾಗ ದೇಹಕ್ಕೆ ಹಳೇ ತಾಳಿಕೆ ಇರಲ್ಲ. ಹೊರಗೆ ಬಂದು ಮೊದಲಿನಷ್ಟೇ ತಗೊಂಡ್ರೆ ಉಸಿರು ನಿಲ್ಲಬಹುದು. ಮುಂದಿನ ಏರ್ಪಾಡು ಇಲ್ಲದೆ ಬಿಡುಗಡೆ ಮಾಡೋದು ಅದಕ್ಕೇ ಅಷ್ಟು ಅಪಾಯ.

ಈಗ ಒತ್ತಾಯದ ಪ್ರಶ್ನೆ. ಎರಡೂ ಕಡೆ ಮಾತಾಡೋರಿಗೆ ಆಧಾರ ಇದೆ. ಅಮೆರಿಕದ ಮಾದಕ ವ್ಯಸನ ಸಂಶೋಧನಾ ಸಂಸ್ಥೆ 1999ರಲ್ಲೇ ತನ್ನ ತತ್ವಗಳ ಕೈಪಿಡಿಯಲ್ಲಿ, ಚಿಕಿತ್ಸೆ ಫಲಿಸೋಕೆ ಸ್ವಇಚ್ಛೆಯಿಂದಲೇ ಬರಬೇಕು ಅಂತಿಲ್ಲ ಎಂದು ಬರೀತು. ಅಲ್ಲಿ 1989ರಲ್ಲಿ ಮಯಾಮಿಯಲ್ಲಿ ಶುರುವಾದ ಡ್ರಗ್ ಕೋರ್ಟ್‌ಗಳಿವೆ, ಜೈಲಿನ ಬದಲು ಚಿಕಿತ್ಸೆಗೆ ಕಳಿಸ್ತವೆ, ಜಡ್ಜ್ ಮುಂದೆ ಪದೇ ಪದೇ ಹೋಗಬೇಕು. ಇನ್ನೊಂದು ಕಡೆ, 2012ರ ಮಾರ್ಚಲ್ಲಿ ವಿಶ್ವಸಂಸ್ಥೆಯ 12 ಅಂಗಸಂಸ್ಥೆಗಳು ಸೇರಿ ಕಡ್ಡಾಯ ಬಂಧನ ಕೇಂದ್ರಗಳನ್ನ ಮುಚ್ಚಿ ಅಂದವು. 2016ರಲ್ಲಿ ಕಡ್ಡಾಯ ಚಿಕಿತ್ಸೆಯ ಅಧ್ಯಯನಗಳನ್ನೆಲ್ಲ ಜಾಲಾಡಿ ನೋಡಿದಾಗ, ಒಟ್ಟಾರೆ ಲಾಭ ಕಾಣಲಿಲ್ಲ, ಕೆಲವು ಕಡೆ ಹಾನಿಯೇ ಕಂಡಿತು.

ಇವೆರಡೂ ಒಂದಕ್ಕೊಂದು ವಿರುದ್ಧ ಅಂತ ನನಗನಿಸಲ್ಲ. "ಜೈಲಾ, ಚಿಕಿತ್ಸೆಯಾ" ಅಂತ ಕೇಳಿದಾಗ ಇಷ್ಟವಿಲ್ಲದಿದ್ರೂ ಅವನೇ ಒಂದನ್ನ ಆರಿಸ್ಕೋತಾನೆ, ಒಳಗೆ ನಿಜವಾದ ಚಿಕಿತ್ಸೆ ಸಿಗುತ್ತೆ. ನಿದ್ದೆಯಲ್ಲಿದ್ದವನನ್ನ ಎತ್ತಿ ಅಂಥ ಹಾಲ್‌ನಲ್ಲಿ ಕೂಡಿಹಾಕಿದಾಗ ಆ ಎರಡೂ ಇರಲ್ಲ. ನನ್ನ ಒಪಿಡಿಗೆ ಬರೋರಲ್ಲಿ ಪೂರ್ತಿ ಸ್ವಇಚ್ಛೆಯಿಂದ ಬಂದವರು ಯಾರೂ ಇಲ್ಲ ಅಂತಲೇ ಹೇಳ್ತೀನಿ. ಹೆಂಡತಿ ತವರಿಗೆ ಹೋಗಿರ್ತಾಳೆ, ಕಾಮಾಲೆ ಆಗಿರುತ್ತೆ, ಮೇಸ್ತ್ರಿ ಕೆಲಸದಿಂದ ತೆಗೆದಿರ್ತಾನೆ. ಒತ್ತಡದಲ್ಲೇ ಬಂದವನ ಹತ್ರ ನಾನು ಮೊದಲ ದಿನ ಬಿಡು ಅನ್ನಲ್ಲ. "ನಿಮಗೆ ಇದರಿಂದ ಏನು ತೊಂದರೆ ಆಗ್ತಿದೆ?" ಅಂತ ಕೇಳಿ ಸುಮ್ಮನಾಗ್ತೀನಿ. ಹೆಂಡತಿ ಹೇಳಿದ ಹತ್ತು ಕಾರಣ ಬೇಡ, ಅವನ ಬಾಯಿಂದ ಒಂದು ಬಂದ್ರೆ ಸಾಕು. ಒಬ್ಬರು ಅರ್ಧ ಗಂಟೆ ಸುಮ್ಮನಿದ್ದು, "ಮಗಳ ಜಡೆ ಹಾಕೋಕಾಗ್ತಿಲ್ಲ ಡಾಕ್ಟ್ರೇ, ಕೈ ನಡುಗುತ್ತೆ" ಅಂದ್ರು. ಅಲ್ಲಿಂದ ಅವರ ಚಿಕಿತ್ಸೆ ಶುರುವಾಯ್ತು. ಸೇರಿ ಆಗಲೇ ಆರು ದಿನ ಆಗಿತ್ತು.

ಮತ್ತೆ, ಎತ್ತಾಕ್ಕೊಂಡು ಹೋಗೋದು, ಕಾಯೋದು, ಇವೆರಡೇ ದಾರಿ ಅಂತ ಯಾರು ಹೇಳಿದ್ದು? ಮನೆಯವರಿಗೇ ತರಬೇತಿ ಕೊಡೋ ಒಂದು ಕ್ರಮ ಇದೆ, ಕ್ರಾಫ್ಟ್ ಅಂತಾರೆ. 1999ರಲ್ಲಿ ಅಮೆರಿಕದಲ್ಲಿ ಕುಡಿಯೋರ ಮನೆಯವರು 130 ಜನರನ್ನ ಮೂರು ಗುಂಪು ಮಾಡಿ ನೋಡಿದ್ರು. ಒಂದು ಗುಂಪಿಗೆ ಈ ತರಬೇತಿ. ಇನ್ನೊಂದಕ್ಕೆ, ಎಲ್ಲರೂ ಒಟ್ಟಿಗೆ ಸೇರಿ ದಿಢೀರಂತ ಎದುರಿಗೆ ಕೂರಿಸಿ ಕೇಳೋ ವಿಧಾನ. ಮೂರನೇ ಗುಂಪಿಗೆ, ಅವನ ಚಿಂತೆ ಬಿಟ್ಟು ನಿಮ್ಮನ್ನ ನೀವು ನೋಡ್ಕೊಳ್ಳಿ ಅನ್ನೋ ಅಲ್-ಅನಾನ್ ಮಾದರಿ. ಚಿಕಿತ್ಸೆಗೆ ಬಂದವರು ಮೊದಲನೆಯದರಲ್ಲಿ ಶೇ 64, ಎರಡನೆಯದರಲ್ಲಿ ಶೇ 30, ಮೂರನೆಯದರಲ್ಲಿ ಶೇ 13.

ಅದರಲ್ಲಿ ಮಾಯ ಮಂತ್ರ ಏನಿಲ್ಲ. ಕುಡಿದಾಗ ವಾದ ಮಾಡಬೇಡಿ. ಕುಡಿಯದ ಹೊತ್ತಲ್ಲಿ ಜೊತೆಗೆ ಕೂರಿ, ಊಟ ಹಾಕಿ, ಮಾತಾಡಿ. ಅವನ ಸಾಲ ನೀವು ತೀರಿಸಬೇಡಿ, ಅವನ ಪರ ಸುಳ್ಳು ಹೇಳಬೇಡಿ. ಬೆಳಿಗ್ಗೆ ಪಶ್ಚಾತ್ತಾಪ ಪಡೋ ಹೊತ್ತು ಒಂದಿರುತ್ತೆ, ಆಗ ಒಂದೇ ಸಲ ಕೇಳಿ. "ಹೂಂ" ಅಂದ ದಿನವೇ ಕರ್ಕೊಂಡು ಹೋಗೋಕೆ ಎಲ್ಲಾ ಸಿದ್ಧ ಇಟ್ಟಿರಿ, ಏಕೆಂದರೆ ಆ ಹೂಂ ಸಂಜೆ ತನಕ ಇರಲ್ಲ. ಹೊಡೆತ ಬಡಿತ ಇರೋ ಮನೆಯಲ್ಲಿ ಮೊದಲು ನಿಮ್ಮ ಸುರಕ್ಷತೆ, ಆಮೇಲೆ ಇದೆಲ್ಲ.

ಹನ್ನೊಂದನೇ_ವರ್ಷ
ಡಾಕ್ಟರ್ ಬರೆದಿದ್ದು ಎರಡು ಸಲ ಓದಿದೆ. ನಾನು ಮೊದಲು "ಕಳಿಸಿ" ಅಂತ ಬರೆದದ್ದನ್ನ ಸ್ವಲ್ಪ ತಿದ್ದಬೇಕು.

ನನ್ನನ್ನ ಹೊತ್ಕೊಂಡು ಹೋಗಿದ್ದು ನಿಜ. ಆದರೆ ಅಲ್ಲಿ ಡಾಕ್ಟರ್ ಇದ್ರು, ಮೊದಲ ವಾರ ಡ್ರಿಪ್ ಹಾಕಿದ್ರು. ಅಣ್ಣ ಪ್ರತಿ ಭಾನುವಾರ ಎರಡು ಬಸ್ ಬದಲಿಸಿ ಬರ್ತಿದ್ದ. ಮೊದಲ ಎರಡು ವಾರ ನಾನು ಅವನ ಮುಖ ನೋಡಲಿಲ್ಲ. ಅವನು ಪೇಪರ್ ಮತ್ತು ಒಂದು ಪೊಟ್ಟಣ ಚಕ್ಕುಲಿ ಇಟ್ಟು, ಬೆಂಚಲ್ಲಿ ಒಂದು ಗಂಟೆ ಕೂತು ಎದ್ದು ಹೋಗ್ತಿದ್ದ. ಮೂರನೇ ವಾರ ನಾನೇ "ಅಣ್ಣಾ, ಭತ್ತ ನಾಟಿ ಆಯ್ತಾ?" ಅಂತ ಕೇಳಿದೆ. ಹೊರಗೆ ಬಂದಮೇಲೆ ಎಎ, ಅಂದ್ರೆ ಕುಡಿತ ಬಿಡೋರೆಲ್ಲ ಸೇರೋ ಮೀಟಿಂಗ್‌ಗೆ ಮೊದಲ ಸಲ ಕರ್ಕೊಂಡು ಹೋಗಿದ್ದೂ ಅವನೇ, ಹೊರಗೆ ಟೀ ಅಂಗಡಿಯಲ್ಲಿ ಕಾಯ್ತಾ ಕೂತಿದ್ದ.

ಗಾಡಿ ನನ್ನನ್ನ ಉಳಿಸ್ತಾ, ಅಣ್ಣ ಉಳಿಸಿದ್ನಾ? ಇಷ್ಟು ವರ್ಷ ಗಾಡಿ ಅಂತಲೇ ಎಲ್ಲರಿಗೂ ಹೇಳ್ಕೊಂಡು ಬಂದಿದ್ದೆ.

ಬಾಗಿಲ_ಆಚೆ
@ಹನ್ನೊಂದನೇ_ವರ್ಷ ನನ್ನ ಹತ್ರ ಆ ಭಾನುವಾರಗಳಿರಲಿಲ್ಲ. ಮೊದಲ 45 ದಿನ ಮನೆಯವರು ಬರೋ ಹಾಗಿಲ್ಲ ಅಂತ ರೂಲ್ಸು. ಅಪ್ಪ ಗೇಟ್ ತನಕ ಬಂದು ವಾಪಸ್ ಹೋಗಿದ್ರು ಅಂತ ನನಗೆ ಗೊತ್ತಾಗಿದ್ದು ಹೋದ ವರ್ಷ.

ನಾನು ಕೊನೆಗೆ ಬಿಟ್ಟಿದ್ದು 2022ರಲ್ಲಿ. ಕಾಲು ಊದ್ಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಕಾಲು ಒತ್ತಿ ನೋಡಿ, "ಇವತ್ತೇ ಬಿಡಿ ಅಂತ ನಾನು ಹೇಳಲ್ಲ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ, ಅಡ್ಮಿಟ್ ಮಾಡ್ಕೋತೀನಿ. ಬರದಿದ್ರೆ ನಾಡಿದ್ದು ಬನ್ನಿ" ಅಂದ್ರು. ನಾಡಿದ್ದು ಹೋದೆ. ಬೈತಾರೆ ಅಂದ್ಕೊಂಡಿದ್ದೆ. "ಬಂದ್ರಾ, ಕೂತ್ಕೊಳ್ಳಿ" ಅಂದ್ರು.

ಇಬ್ಬರು_ಮಕ್ಕಳ_ತಾಯಿ
ಅಪ್ಪನ ಹತ್ರ ಈಗ ಮಾತಾಡ್ತೀರಾ?

ಬಾಗಿಲ_ಆಚೆ
ಮಾತಾಡ್ತೀನಿ ಅಕ್ಕ. ಆ ವಿಷಯ ಬಿಟ್ಟು ಬೇರೆಲ್ಲಾ.

ಮಂಡ್ಯ_ಗೌಡ
ನಾನು ಮೇಲೆ ಬರೆದ ಮಾತ್ರೆ ವಿಚಾರ ಅಳಿಸೋಕೆ ನಿರ್ವಾಹಕರನ್ನ ಕೇಳಿದ್ದೆ. ಡಾಕ್ಟರ ಉತ್ತರ ಜೊತೆಗಿರೋದ್ರಿಂದ ಇರಲಿ ಅಂದ್ರು. ಪಕ್ಕದ ಮನೆಯವರಿಗೂ ಹೇಳಿದೆ. ಅವರು ಇನ್ನೂ ಹಾಕ್ತಾನೇ ಇದ್ರಂತೆ, ನಿಲ್ಲಿಸ್ತೀವಿ ಅಂದ್ರು.

ಕಲ್ಪತರು_ಅಕ್ಕ
ಎಲ್ಲರದ್ದೂ ಓದಿದೆ, ಅಮ್ಮನಿಗೂ ಓದಿ ಹೇಳಿದೆ. ಮಾವನ ಕೈಲಿ ಸೆಂಟರ್‌ಗೆ ಫೋನ್ ಮಾಡಿಸಿ ಸಿಸ್ಟರ್ ಹೇಳಿದ ಪ್ರಶ್ನೆ ಕೇಳಿಸಿದೆ. "ಅದೆಲ್ಲಾ ನಮ್ಮ ಹುಡುಗರು ನೋಡ್ಕೋತಾರೆ" ಅಂದ್ರು. ನೋಂದಣಿ ಸಂಖ್ಯೆ ಕೇಳಿದ್ದಕ್ಕೆ ಫೋನ್ ಇಟ್ರು. ಭಾನುವಾರದ್ದು ಬೇಡ ಅಂತ ಹೇಳಿಬಿಟ್ವಿ. ಅಡ್ವಾನ್ಸ್ ವಾಪಸ್ ಬರಲ್ಲ ಅಂದ್ರು. ಅಪ್ಪನಿಗೆ ನನ್ನ ಮೇಲೆ ಸಿಟ್ಟು, ನೆನ್ನೆಯಿಂದ ಮಾತಾಡಿಲ್ಲ.

ಇವತ್ತು ಬೆಳಿಗ್ಗೆ ಅವನು ಜಗಲಿ ಮೇಲೆ ಒಬ್ಬನೇ ಕೂತಿದ್ದ. ಪಕ್ಕದಲ್ಲಿ ಹೋಗಿ ಕೂತೆ. ರಾತ್ರಿ ನಿನ್ನನ್ನ ಎತ್ಕೊಂಡು ಹೋಗೋಕೆ ಮಾತಾಡಿದ್ವಿ, ಬೇಡ ಅಂತ ಬಿಟ್ವಿ ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ "ಗೊತ್ತಿತ್ತು. ಮಾವ ಫೋನಲ್ಲಿ ಮಾತಾಡೋದು ಕೇಳಿಸ್ಕೊಂಡೆ. ಶನಿವಾರವೇ ಓಡಿಹೋಗೋಣ ಅಂತಿದ್ದೆ" ಅಂದ.

ಅಡ್ಮಿಟ್ ಆಗಲ್ಲ ಅಂತಾನೆ. ಡಾಕ್ಟರ್ ಹತ್ರ ಒಂದು ಸಲ ಬರ್ತೀನಿ, ನೀನೊಬ್ಬಳೇ ಬಾ, ಅಪ್ಪ ಬೇಡ ಅಂದ. ನಾಳೆ ಬೆಂಗಳೂರಿಗೆ, ನಿಮ್ಹಾನ್ಸ್‌ಗೆ ಹೋಗೋಣ ಅಂತಿದ್ದೀನಿ. ಏನೇನು ತಗೊಂಡು ಹೋಗಬೇಕು? ಬೆಳಿಗ್ಗೆ ಅವನು ಕುಡಿಯದೆ ಬಸ್ ಹತ್ತೋಕಾಗಲ್ಲ, ಏನ್ ಮಾಡ್ಲಿ?

ಓಪಿಡಿ_ಡಾಕ್ಟ್ರು
ಒಳ್ಳೆ ಕೆಲಸ ಮಾಡಿದ್ರಿ. ನಾಳೆ ಬೆಳಿಗ್ಗೆ ಹಠ ಮಾಡಿ ನಿಲ್ಲಿಸಬೇಡಿ. ನಡುಕ ನಿಲ್ಲೋಕೆ ಬೇಕಾದಷ್ಟು ಮಾತ್ರ ಆಗಲಿ, ಎಷ್ಟು ಕುಡಿದ ಅನ್ನೋದನ್ನ ಡಾಕ್ಟರಿಗೆ ಹೇಳಿ. ದಾರಿಯಲ್ಲಿ ಫಿಟ್ಸ್ ಬಂದ್ರೆ ಅಥವಾ ಮಾತು ತೊದಲಿ ಗೊಂದಲ ಶುರುವಾದ್ರೆ ಹತ್ತಿರದ ಯಾವ ಆಸ್ಪತ್ರೆಯಾದರೂ ಸರಿ, ಇಳಿದುಬಿಡಿ, 108ಕ್ಕೆ ಫೋನ್ ಮಾಡಿ. ಅವನು ತಗೊಳ್ಳೋ ಮಾತ್ರೆಯ ಖಾಲಿ ಸ್ಟ್ರಿಪ್ ಇದ್ರೆ ತನ್ನಿ, ಹೆಸರು ಅದರಲ್ಲೇ ಇರುತ್ತೆ. ವ್ಯಸನ ಚಿಕಿತ್ಸಾ ವಿಭಾಗ ಎಲ್ಲಿ ಅಂತ ಅಲ್ಲಿ ಕೇಳಿ. ಅಡ್ಮಿಷನ್ ಮಾತು ನೀವು ಎತ್ತಬೇಡಿ, ಡಾಕ್ಟರ್ ಎತ್ತಲಿ. ರಾತ್ರಿ ಏನಾದರೂ ಕೇಳಬೇಕು ಅನಿಸಿದ್ರೆ 14416, ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ. ಮಾದಕ ವ್ಯಸನಕ್ಕೇ ಅಂತ 14446 ಕೂಡ ಇದೆ.

ನೈಟ್‌ಡ್ಯೂಟಿ_ಸಿಸ್ಟರ್
ಆಧಾರ್ ಕಾರ್ಡು, ರೇಷನ್ ಕಾರ್ಡು ಇಟ್ಕೊಳ್ಳಿ, ಹಳೇ ಚೀಟಿಗಳಿದ್ರೆ ಅವೂ. ಬೇಗ ಹೊರಡಿ, ಕ್ಯೂ ಇರುತ್ತೆ. ಅವನಿಗೆ ಒಂದು ಜೊತೆ ಬಟ್ಟೆ ನಿಮ್ಮ ಬ್ಯಾಗಲ್ಲಿರಲಿ, ಅವನಿಗೆ ಹೇಳೋದು ಬೇಡ.

ಬಾಗಿಲ_ಆಚೆ
ಬಟ್ಟೆ ಇಟ್ಕೊಂಡಿರೋದನ್ನೂ ಅವನಿಗೆ ಹೇಳಿಬಿಡಿ ಅಕ್ಕ.

ನೈಟ್‌ಡ್ಯೂಟಿ_ಸಿಸ್ಟರ್
ಹೌದು. ಅವರು ಹೇಳಿದ ಹಾಗೇ ಮಾಡಿ.

ಕಲ್ಪತರು_ಅಕ್ಕ
ಹೇಳ್ದೆ. "ನೀಲಿ ಶರ್ಟ್ ಇಡು" ಅಂದ. ಐದೂವರೆ ಬಸ್ಸಿಗೆ ಹೊರಡ್ತಿದ್ದೀವಿ.